ಗೀಟು ಎಳೆಯೋದಕ್ಕೂ ಫೀಸು ಕೊಡಬೇಕಾ?

ದಾವಣಗೆರೆ ವಿದ್ಯಾನಗರದ ಓದುಗರೊಬ್ಬರ ಪತ್ರ ಬಂದಿದೆ. ಹೆಸರು ಬೇಡ ಎಂದಿದ್ದಾರೆ. ಐದು ವರ್ಷದ ಮೊಮ್ಮಗನಿಗೆ ಆಟಿಸಂ. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವುದರಿಂದ ಥೆರಪಿಗೆ ಕರೆದುಕೊಂಡು ಹೋಗುವುದು ಇವರೇ. "ಮುಕ್ಕಾಲು ಗಂಟೆ ಕ್ಲಾಸು. ಅರ್ಧ ಹೊತ್ತು ಕಲಿಸೋ ಹುಡುಗಿ ಹಾಳೆ ಮೇಲೆ ಗೀಟು ಎಳೀತಾಳೆ. ಮನೇಲೂ ಬರೀರಿ ಅಂತ ಇಂಗ್ಲಿಷ್ ಹಾಳೆ ಕೊಟ್ಟಿದ್ದಾರೆ. ನಾನು ಮಗು ನೋಡ್ಕೊಳ್ಳಲಾ, ಲೆಕ್ಕ ಬರೀಲಾ?" ಎಂದು ಕೇಳಿದ್ದಾರೆ.

ಅಮ್ಮಾ, ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಅರ್ಧ ಹೊತ್ತು ಬರೆಯುವುದು ಜಾಸ್ತಿಯೇ ಆಯ್ತು, ಅದನ್ನು ಹೇಳಿ. ಆದರೆ ಆ ಗೀಟುಗಳನ್ನು ಬೇಡ ಎನ್ನಬೇಡಿ. ಹುಡುಗ ಯಾವುದನ್ನು ಎಷ್ಟು ಸಲ ಮಾಡಿದ ಎಂಬ ಲೆಕ್ಕ ಅದು. ನಮಗೂ ತೋರಿಸಿ ಎಂದು ಕೇಳಿ.

ನಿಮ್ಮ ಪತ್ರದಲ್ಲೇ ಇನ್ನೊಂದು ಸಾಲಿದೆ: "ಸಂಜೆ ಆದ್ರೆ ಸಾಕು, ಸುಮ್‌ಸುಮ್ನೆ ಕಿರುಚ್ತಾನೆ." ಮನೆಯ ಹಾಳೆಗೆ ಮೊದಲು ಇದನ್ನೇ ಹಾಕಿ. ಅದರಲ್ಲಿ ಮೂರು ಕಾಲಂ ಇರುತ್ತವೆ. ಮೊದಲು ಏನಾಯ್ತು, ಅವನು ಏನು ಮಾಡಿದ, ಆಮೇಲೆ ಏನಾಯ್ತು. ಒಂದು ವಾರ ಬರೆದಿರಿ ಎನ್ನಿ. ಮೊದಲ ಕಾಲಂನಲ್ಲಿ ದಿನಾ "ಕುಕ್ಕರ್ ಕೂಗಿತು" ಎಂದೇ ಬಂದರೆ, ಆ ಸದ್ದು ಅವನಿಗೆ ತಡೆಯಲಾಗುತ್ತಿಲ್ಲ ಎಂದೇ ಅನುಮಾನಿಸಬೇಕು. ಅವನು ಮನೆಯಲ್ಲಿಲ್ಲದ ಹೊತ್ತಿನಲ್ಲಿ ಕುಕ್ಕರ್ ಇಟ್ಟು ನೋಡಿ. ಮೊದಲ ಕಾಲಂ ಒಂದೊಂದು ದಿನ ಒಂದೊಂದು ಥರ ಇದ್ದು, ಕೊನೆಯದರಲ್ಲಿ ಮಾತ್ರ ದಿನಾ "ಮೊಬೈಲ್ ಕೊಟ್ಟೆ" ಎಂದಿದ್ದರೆ ಕತೆಯೇ ಬೇರೆ. ಮಾತು ಸರಿಯಾಗಿ ಬಾರದ ಹುಡುಗ, ಕೇಳುವುದಕ್ಕೆ ಅವನಿಗೆ ಗೊತ್ತಿರುವ ದಾರಿ ಅದೊಂದೇ ಇರಬಹುದು. ಆಗ ಚಿತ್ರದ ಕಾರ್ಡ್ ಕೊಟ್ಟು ಕೇಳುವುದನ್ನು ಕಲಿಸಬೇಕು. ಕಿರುಚಾಟ ಒಂದೇ, ಮದ್ದು ಎರಡು. ಬರೀ ನೆನಪಿನ ಮೇಲೆ ಇದನ್ನು ಹೇಳಲಾಗುವುದಿಲ್ಲ. ನಮಗೆ ನೆನಪುಳಿಯುವುದು ಮನೆ ಹಾರಿಹೋಗುವಂತೆ ಕಿರುಚಿದ ದಿನ ಮಾತ್ರ, ಅಲ್ವಾ?

ಇನ್ನು ಕ್ಲಾಸಿನ ಗೀಟು. "ಕೊಡು" ಎಂದಾಗ ಹತ್ತು ಸಲದಲ್ಲಿ ಎಷ್ಟು ಸಲ ಕೊಟ್ಟ? ಕೈ ಹಿಡಿದು ಕೊಡಿಸಿದ್ದಾ, ಬೆರಳು ತೋರಿಸಿದ್ದಕ್ಕೆ ಕೊಟ್ಟನಾ, ತಾನಾಗೇ ಕೊಟ್ಟನಾ? ಅದನ್ನು ಬೇರೆ ಬೇರೆ ಗುರುತು ಮಾಡಿರಬೇಕು. "80 ಪರ್ಸೆಂಟ್ ಬಂದಿದೆ" ಎಂದರೆ "ಕೈ ಹಿಡಿದಿದ್ದೂ ಸೇರಿಸಿನಾ?" ಎಂದು ಕೇಳಿ. ಈ ಲೆಕ್ಕದ ಗ್ರಾಫು ವಾರಗಟ್ಟಲೆ ಮೇಲೇಳದಿದ್ದರೆ ಬದಲಾಗಬೇಕಾದ್ದು ಕಲಿಸುವ ರೀತಿ. "ನಿಮ್ಮ ಹುಡುಗ ಹಠಮಾರಿ" ಅನ್ನೋದು ಉತ್ತರವಲ್ಲ. ಬರೆದು ಬರೆದು ಫೈಲಿಗೆ ಸೇರಿಸುವುದಷ್ಟೇ ನಡೆದಿದ್ದರೆ ನಿಮ್ಮ ದೂರು ನೂರಕ್ಕೆ ನೂರು ನಿಜ.

ಲೆಕ್ಕ ಸರಿಯಿದ್ದ ಮಾತ್ರಕ್ಕೆ ಎಲ್ಲ ಸರಿ ಅಂತಲೂ ಅಲ್ಲ. ಹೀಗೆ ನಡವಳಿಕೆಯನ್ನು ಎಣಿಸಿ, ಬರೆದು ಕಲಿಸುವ ಈ ಪದ್ಧತಿಗೆ ಎಬಿಎ (ಅಪ್ಲೈಡ್ ಬಿಹೇವಿಯರ್ ಅನಾಲಿಸಿಸ್) ಎನ್ನುತ್ತಾರೆ. ಅದಕ್ಕೆ ದೊಡ್ಡ ಹೆಸರು ತಂದಿದ್ದು ಅಮೆರಿಕದ ಮನಶ್ಶಾಸ್ತ್ರಜ್ಞ ಐವಾರ್ ಲೋವಾಸ್ 1987ರಲ್ಲಿ ಪ್ರಕಟಿಸಿದ ಅಧ್ಯಯನ. ವಾರಕ್ಕೆ 40 ಗಂಟೆ ಕಲಿಸಿದ 19 ಮಕ್ಕಳಲ್ಲಿ 9 ಮಂದಿ ಸಾಮಾನ್ಯ ಶಾಲೆಯಲ್ಲಿ ಒಂದನೇ ತರಗತಿ ಮುಗಿಸಿದರು ಎಂಬ ಅಂಕಿ ಊರೂರು ಸುತ್ತಿತು. ಅಲ್ಲಿ ಮಕ್ಕಳನ್ನು ಗದರುತ್ತಿದ್ದರು, ಕೆಲವೊಮ್ಮೆ ತೊಡೆಗೆ ಏಟು ಹಾಕುತ್ತಿದ್ದರು ಎಂಬುದು ಅಷ್ಟು ಸುತ್ತಲಿಲ್ಲ. ಆಟಿಸಂ ಇದ್ದು ಬೆಳೆದು ದೊಡ್ಡವರಾದ ಅನೇಕರು ಇವತ್ತು ಈ ಪದ್ಧತಿಯನ್ನೇ ವಿರೋಧಿಸುತ್ತಾರೆ. ಸುಮ್ನೆ ಅಲ್ಲ.

ಹಾಗಾಗಿ ಏನನ್ನು ಎಣಿಸುತ್ತಿದ್ದಾರೆ ಅಂತಲೂ ನೋಡಿ. ಖುಷಿಯಾದಾಗ ಕೈ ಕೊಡವುತ್ತಾನೆ ಎಂದಿದ್ದೀರಿ. ಕೊಡವಲಿ ಬಿಡಿ, ಯಾರಿಗೇನು ನಷ್ಟ? ಅದನ್ನು "ಕಡಿಮೆ ಮಾಡಬೇಕಾದ್ದು" ಎಂಬ ಪಟ್ಟಿಗೆ ಸೇರಿಸಿದ್ದರೆ ತೆಗೆಸಿ. ಅದರ ಬದಲು ಕ್ಲಾಸಿನಲ್ಲಿ ಎಷ್ಟು ಸಲ ಅತ್ತ, ಎಷ್ಟು ಸಲ ಎದ್ದು ಬಾಗಿಲ ಕಡೆ ಹೋದ, ಅದನ್ನು ಬರೆಯಲಿ.

ವಿಡಿಯೊ ಮಾಡಿ ಗ್ರೂಪಿಗೆ ಹಾಕುತ್ತಾರೆ ಎಂದಿದ್ದೀರಿ. ಹೆತ್ತವರ ಒಪ್ಪಿಗೆ ಇಲ್ಲದೆ ಹಾಕುವಂತಿಲ್ಲ ಎಂದು ನಿಮ್ಮ ಮಗನಿಂದ ಹೇಳಿಸಿ. ಇನ್ನೊಬ್ಬರ ಅಭಿಪ್ರಾಯ ಬೇಕೆನಿಸಿದರೆ ದಾವಣಗೆರೆಯಲ್ಲೇ ಕೇಂದ್ರ ಸರ್ಕಾರದ ಸಿಆರ್‌ಸಿ, ಅಂದರೆ ಅಂಗವಿಕಲರ ಪುನರ್ವಸತಿ ಕೇಂದ್ರ ಇದೆ. ಹೋಗುವಾಗ ಬರೆದ ಹಾಳೆಗಳನ್ನೂ ಒಯ್ಯಿರಿ.

ಇಂಗ್ಲಿಷ್ ಹಾಳೆ ವಾಪಸ್ ಕೊಟ್ಟು ಕನ್ನಡದ್ದು ಕೇಳಿ. ಕೊಡದಿದ್ದರೆ ಒಂದು ನೋಟ್‌ಬುಕ್ಕಿನಲ್ಲಿ ನೀವೇ ಮೂರು ಕಾಲಂ ಮಾಡಿಕೊಳ್ಳಿ. ದಿನವಿಡೀ ಬರೆಯುವುದು ಬೇಡ. ಸಂಜೆ ಆರರಿಂದ ಎಂಟರವರೆಗೆ, ಕಿರುಚಾಟ ಒಂದನ್ನೇ. ಭಾನುವಾರದ್ದು ನಿಮ್ಮ ಮಗ ಬರೆಯಲಿ, ಅವತ್ತು ಅವರಿಗೆ ರಜಾ ಇರುತ್ತದಲ್ಲ.

- ಸಂ.