ನಾಟಕಕ್ಕೆ ದನಿ ಗಟ್ಟಿ ಮಾಡಿಕೊಳ್ಳೋದು ಹೇಗೆ?

ನೀವು ಕೇಳಿರೋದು ಇದು: ಬೆಂಗಳೂರಿನ ಒಂದು ಹವ್ಯಾಸಿ ತಂಡ ಸೇರಿದ್ದೀರಿ. ನಿಮ್ಮ ಮಾತು ನಾಲ್ಕನೇ ಸಾಲಿಗೂ ಕೇಳಿಸುತ್ತಿಲ್ಲ ಅಂತ ನಿರ್ದೇಶಕರು ಹೇಳುತ್ತಾರೆ. ಜೋರಾಗಿ ಮಾತಾಡಿದರೆ ಅರ್ಧ ಗಂಟೆಯಲ್ಲಿ ಗಂಟಲು ಕಟ್ಟುತ್ತದೆ. ಇದಕ್ಕೆ ಯಾವ ಅಭ್ಯಾಸ ಮಾಡಬೇಕು?

ನಾನೂ ಹವ್ಯಾಸಿ ನಟನೇ. ಹಗಲು ಆಫೀಸು, ಸಂಜೆ ರಿಹರ್ಸಲ್. ನಾನು ನೋಡಿದ ಹಾಗೆ, ಹೊಸಬರ ಮಾತು ಹಿಂದೆ ಕೂತವರಿಗೆ ಕೇಳಿಸದಿರೋದಕ್ಕೆ ದನಿ ಸಣ್ಣದು ಅನ್ನೋದು ಕಾರಣವೇ ಅಲ್ಲ. ಸಾಲು ಮುಗಿಯೋ ಮೊದಲೇ ಉಸಿರು ಮುಗಿದಿರುತ್ತದೆ. ಕನ್ನಡದಲ್ಲಿ ಇದು ಜಾಸ್ತಿ ಕಷ್ಟ ಕೊಡುತ್ತದೆ, ಯಾಕಂದ್ರೆ ನಮ್ಮ ವಾಕ್ಯದ ಕ್ರಿಯಾಪದ ಬರೋದೇ ಕೊನೆಗೆ. ‘ಅವನನ್ನು ನಾನು ಕೊಲ್ಲಲಿಲ್ಲ’ ಅನ್ನುವಾಗ ಕೊನೆಯ ‘ಲಿಲ್ಲ’ ನುಂಗಿಬಿಟ್ಟರೆ ಪ್ರೇಕ್ಷಕ ನಿಮ್ಮನ್ನು ಕೊಲೆಗಾರ ಅಂದುಕೊಂಡೇ ಮನೆಗೆ ಹೋಗುತ್ತಾನೆ.

ಹಾಗಾಗಿ ದನಿ ದಪ್ಪ ಮಾಡೋ ಆಸೆ ಪಕ್ಕಕ್ಕಿಟ್ಟು ಉಸಿರಿನಿಂದ ಶುರು ಮಾಡಿ. ಚಾಪೆ ಮೇಲೆ ಅಂಗಾತ ಮಲಗಿ, ಹೊಟ್ಟೆ ಮೇಲೆ ಕೈ ಇಟ್ಟುಕೊಳ್ಳಿ. ಉಸಿರು ಎಳೆದಾಗ ಕೈ ಮೇಲೇಳಬೇಕು, ಹೆಗಲು ಅಲ್ಲ. ಶ್ವಾಸಕೋಶದ ಕೆಳಗಿರೋ ವಪೆ ಅನ್ನೋ ಸ್ನಾಯು ಕೆಳಗಿಳಿದಾಗ ಹೀಗಾಗುತ್ತದೆ. ಆಮೇಲೆ ‘ಸ್‌ಸ್‌ಸ್’ ಅಂತ ಒಂದೇ ಸಮನೆ ಬಿಡಿ. ಎಷ್ಟು ಸೆಕೆಂಡು ಅನ್ನೋ ಪೈಪೋಟಿ ಬೇಡ, ಶುರುವಿನಲ್ಲಿ ಎಷ್ಟು ಗಟ್ಟಿ ಇತ್ತೋ ಕೊನೆಯಲ್ಲೂ ಅಷ್ಟೇ ಇದೆಯಾ ನೋಡಿ. ಮಲಗಿ ಮಾಡೋದು ಸರಿಯಾಗಿ ಬಂದಮೇಲೆ ನಿಂತು ಮಾಡಿ, ಆಮೇಲೆ ನಡೆಯುತ್ತಾ.

ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಭಾಮಿನಿ ಷಟ್ಪದಿ ಓದೋದು. ಸ್ಕೂಲಲ್ಲಿ ಪ್ರಸ್ತಾರ ಹಾಕಿದ್ದು ನೆನಪಿದೆಯಲ್ವಾ? 1, 2, 4, 5ನೇ ಸಾಲಿಗೆ 14 ಮಾತ್ರೆ, 3 ಮತ್ತು 6ಕ್ಕೆ 23. ಅಂದರೆ ಅರ್ಧ ಪದ್ಯಕ್ಕೆ 51. ಎರಡು ಚಿಕ್ಕ ಸಾಲು ಆದಮೇಲೆ ಉದ್ದದ ಸಾಲು ಬರುತ್ತದೆ, ಉಸಿರು ಕಮ್ಮಿಯಾಗೋ ಹೊತ್ತಿಗೇ ಕೆಲಸ ಜಾಸ್ತಿ! ಮೊದಲು ಸಾಲಿಗೊಂದು ಉಸಿರು ತಗೊಳ್ಳಿ. ಆಮೇಲೆ ಮೂರೂ ಸಾಲು ಒಂದೇ ಉಸಿರಲ್ಲಿ ಹೇಳಿ. ಹಾಡಬೇಡಿ, ಎದುರಿಗಿರೋ ಒಬ್ಬರಿಗೆ ಹೇಳೋ ಹಾಗೆ ಹೇಳಿ. ಮೂರನೇ ಸಾಲಿನ ಕೊನೇ ಅಕ್ಷರವೂ ಮೊದಲನೆಯದರಷ್ಟೇ ಸ್ಪಷ್ಟವಾಗಿ ಬಂದ ದಿನ ನಿಮ್ಮ ಡೈಲಾಗೂ ತಾನಾಗಿ ಸುಧಾರಿಸಿರುತ್ತದೆ.

ಇನ್ನು ಗಂಟಲು ಕಟ್ಟೋ ವಿಷಯ. ಧ್ವನಿತಂತುಗಳು ಇರೋದು ಒಂದೂವರೆ ಸೆಂಟಿಮೀಟರ್ ಆಸುಪಾಸು. ಮಾತಾಡುವಾಗ ಅವು ಸೆಕೆಂಡಿಗೆ ಗಂಡಸರಲ್ಲಿ ನೂರಕ್ಕೂ ಹೆಚ್ಚು ಸಲ, ಹೆಂಗಸರಲ್ಲಿ ಸುಮಾರು ಇನ್ನೂರು ಸಲ ಕಂಪಿಸುತ್ತವೆ. ಉಸಿರಿನ ಆಸರೆ ಇಲ್ಲದೆ ಕಿರುಚಿದರೆ ಅವು ಒಂದಕ್ಕೊಂದು ಬಡಿದು ಊದಿಕೊಳ್ಳುತ್ತವೆ. ಅದಕ್ಕೇ ರಿಹರ್ಸಲ್‌ಗೆ ಮುಂಚೆ ಹತ್ತು ನಿಮಿಷ ದನಿ ಬಿಸಿ ಮಾಡಿ. ತುಟಿ ಮುಚ್ಚಿ ‘ಮ್‌ಮ್’ ಅನ್ನಿ, ತುಟಿ, ಮೂಗಿನ ಹತ್ತಿರ ಜುಮ್ಮೆನ್ನಬೇಕು. ಮಕ್ಕಳು ಬಸ್ ಬಿಡೋ ಹಾಗೆ ತುಟಿ ಅದುರಿಸುತ್ತಾ ಸ್ವರ ಏರಿಸಿ ಇಳಿಸಿ. ಇನ್ನೊಂದು, ಸ್ಪೀಚ್ ಥೆರಪಿಸ್ಟ್‌ಗಳೂ ಮಾಡಿಸೋದು: ಅರ್ಧ ಲೋಟ ನೀರಿಗೆ ಸ್ಟ್ರಾ ಅದ್ದಿ ‘ಊ’ ಅಂತ ದನಿ ಬಿಡುತ್ತಾ ಗುಳ್ಳೆ ಎಬ್ಬಿಸೋದು. ನೋಡೋರಿಗೆ ತಮಾಷೆ ಅನ್ನಿಸಬಹುದು, ಗಂಟಲಿಗೆ ಮಾತ್ರ ಬಹಳ ಹಿತ.

ಸ್ಪಷ್ಟತೆಗೆ ‘ತರಿಕೆರೆ ಏರಿ ಮೇಲೆ ಮೂರು ಕರಿ ಕುರಿಮರಿ’ ಇದ್ದೇ ಇದೆ. ವೇಗ ಮುಖ್ಯ ಅಲ್ಲ, ನಿಧಾನವಾಗಿ ಬಾಯಿ ಪೂರ್ತಿ ತೆರೆದು ಹೇಳಿ. ಹಲ್ಲಿನ ಮಧ್ಯೆ ಪೆನ್ಸಿಲ್ ಕಚ್ಚಿ ಮಾತಾಡೋದನ್ನು ಕೆಲವರು ಹೇಳಿಕೊಡುತ್ತಾರೆ, ನನಗೆ ಅದರಿಂದ ದವಡೆ ನೋವು ಬಂದದ್ದಷ್ಟೇ ಲಾಭ.

ಗ್ರೀನ್ ರೂಮಿನಲ್ಲಿ ಯಾರಾದರೂ ಜೇಷ್ಠಮಧು, ಕಲ್ಲುಸಕ್ಕರೆ ಕೊಟ್ಟೇ ಕೊಡುತ್ತಾರೆ. ತಗೊಳ್ಳಿ, ಹಿತವಾಗಿರುತ್ತದೆ. ಆದರೆ ನುಂಗಿದ್ದು ಅನ್ನನಾಳಕ್ಕೆ ಹೋಗುತ್ತದೆ, ಧ್ವನಿತಂತುಗಳನ್ನು ಮುಟ್ಟೋದಿಲ್ಲ. ದಿನವಿಡೀ ನೀರು ಕುಡಿಯೋದು ಅದಕ್ಕಿಂತ ಒಳ್ಳೇದು. ಪದೇ ಪದೇ ಗಂಟಲು ಕೆರೆದು ಸರಿಮಾಡಿಕೊಳ್ಳೋದನ್ನು ಬಿಡಿ. ಗಂಟಲು ಕಟ್ಟಿದಾಗ ಒತ್ತಿ ಪಿಸುಗುಟ್ಟಬೇಡಿ, ಸುಮ್ನೆ ಇರಿ. ಮೂರು ವಾರ ಆದರೂ ದನಿ ಒಡಕಾಗೇ ಇದ್ದರೆ ಇಎನ್‌ಟಿ ಡಾಕ್ಟರಿಗೆ ತೋರಿಸಿ. ಮೈಸೂರಿನ ಕಡೆ ಇರೋರಿಗೆ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಇದೆ.

ಕೊನೆಗೆ, ನಾಟಕ ಎಲ್ಲಿ ಅನ್ನೋದನ್ನೂ ನೋಡಿಕೊಳ್ಳಿ. ರಂಗಶಂಕರದಲ್ಲಿ ಪ್ರೇಕ್ಷಕರು ಮೂರು ಕಡೆ ಕೂರುತ್ತಾರೆ, ನೀವು ಹೇಗೆ ನಿಂತರೂ ಕೆಲವರಿಗೆ ಬೆನ್ನೇ. ರವೀಂದ್ರ ಕಲಾಕ್ಷೇತ್ರದಂಥ ದೊಡ್ಡ ಜಾಗದಲ್ಲಿ ಹಿಂದಿನ ಸಾಲು ತುಂಬಾ ದೂರ. ತಂಡದ ಒಬ್ಬರನ್ನು ಕೊನೇ ಸಾಲಿನಲ್ಲಿ ಕೂರಿಸಿ, ನಿಮ್ಮ ಪ್ರತಿ ಸಾಲಿನ ಕೊನೇ ಪದವನ್ನು ತಿರುಗಿ ಹೇಳೋಕೆ ಹೇಳಿ. ನಿರ್ದೇಶಕರು ಮತ್ತೆ ‘ಜೋರಾಗಿ’ ಅಂದರೆ, ‘ಯಾವ ಪದ ಕೇಳಿಸಲಿಲ್ಲ ಸಾರ್?’ ಅಂತ ಕೇಳಿ.