ಔದಾರ್ಯಕ್ಕೆ ಅಳತೆ ಬಂದ ಬಗೆ: ಅರಬ್ ಬದುಕು, ಧರ್ಮ, ನಡತೆ

ಪ್ರಶ್ನೆ: ಅರಬರ ಅತಿಥಿ ಸತ್ಕಾರ ಇಸ್ಲಾಮಿನಿಂದ ಬಂದದ್ದೇ?

ಉತ್ತರ: ಅಲ್ಲ, ಅದಕ್ಕಿಂತ ಹಳೆಯದು. ಮರುಭೂಮಿಯಲ್ಲಿ ನೀರು ಕೊಡದೆ ಕಳಿಸಿದರೆ ಬಂದವನು ಸತ್ತೇ ಹೋಗಬಹುದು. ಧೈರ್ಯ, ಕೊಟ್ಟ ಮಾತು, ಆಶ್ರಿತರ ರಕ್ಷಣೆ, ಕೊಡುಗೈ ಎಲ್ಲ ಸೇರಿದ ಗುಣವನ್ನು ಅರಬರು 'ಮುರೂಅ' ಎನ್ನುತ್ತಿದ್ದರು. 6ನೇ ಶತಮಾನದ ತಯ್ಯಿ ಬುಡಕಟ್ಟಿನ ಕವಿ ಹಾತಿಮನ ಹೆಸರು ಇಂದಿಗೂ ಔದಾರ್ಯಕ್ಕೆ ಗಾದೆಯಾಗಿ ಉಳಿದಿದೆ.

ಇಸ್ಲಾಂ ಆ ಗುಣವನ್ನು ಕಿತ್ತುಹಾಕಲಿಲ್ಲ. ಅದರ ಉದ್ದೇಶ ಬದಲಿಸಿತು, ಅದಕ್ಕೊಂದು ಅಳತೆ ಕೊಟ್ಟಿತು. ಹೆಸರಿಗಾಗಿ ಇದ್ದ ಒಂಟೆಗಳನ್ನೆಲ್ಲ ಕಡಿದು ಬಡಿಸುವುದು ಹಿಂದೆ ಹೆಮ್ಮೆಯಾಗಿತ್ತು. ಕೈಯನ್ನು ಕೊರಳಿಗೆ ಕಟ್ಟಿಕೊಳ್ಳಬೇಡ, ಪೂರ್ತಿ ಚಾಚಲೂ ಬೇಡ ಎಂದಿತು ಕುರ್‌ಆನ್ (17:29). ಕೊಟ್ಟಿದ್ದನ್ನು ಎತ್ತಿ ಆಡಿದರೆ ದಾನವೇ ವ್ಯರ್ಥ (2:264). ಅತಿಥಿ ಸತ್ಕಾರಕ್ಕೆ ಹದೀಸ್ (ಪ್ರವಾದಿ ಮುಹಮ್ಮದರ ನಡೆನುಡಿಗಳ ವರದಿ) ಇಟ್ಟ ಗಡುವು ಮೂರು ದಿನ. ಅದರಾಚೆ ಮಾಡಿದ್ದು ದಾನ. ಮನೆಯವರಿಗೆ ತೊಂದರೆಯಾಗುವಷ್ಟು ಕಾಲ ಉಳಿಯಬಾರದೆಂಬ ಹೊಣೆಯನ್ನು ಅತಿಥಿಯ ಮೇಲೂ ಹೊರಿಸಿತು. ನಮಗೆ ಬಹಳ ಮುಖ್ಯವೆನಿಸುವುದು ಈ ಕೊನೆಯ ಮಾತು.

ಪ್ರಶ್ನೆ: ಇಸ್ಲಾಮಿನ ಕಡ್ಡಾಯ ದಾನವಾದ ಜಕಾತ್‌ನ ಲೆಕ್ಕದಲ್ಲಿ ಎಡವುವುದು ಎಲ್ಲಿ?

ಉತ್ತರ: ಹೆಚ್ಚಾಗಿ ವರ್ಷದ ಲೆಕ್ಕದಲ್ಲಿ. 85 ಗ್ರಾಂ ಚಿನ್ನದ ಬೆಲೆಯಷ್ಟು ಸಂಪತ್ತು ಒಂದು ಚಾಂದ್ರ ವರ್ಷ ಕೈಯಲ್ಲಿದ್ದರೆ ಅದರ 2.5% ಕೊಡಬೇಕು ಎಂಬುದು ಇಂದು ಹೆಚ್ಚು ಬಳಕೆಯಲ್ಲಿರುವ ಲೆಕ್ಕ. ಸೌದಿಯ ವ್ಯಾಪಾರಿಯೊಬ್ಬರ ಬಳಿ ನಗದು 60,000 ರಿಯಾಲ್, ಮಾರಾಟದ ಸರಕು 20,000, ಈಗಲೇ ತೀರಿಸಬೇಕಾದ ಸಾಲ 10,000 ಇದೆ ಎನ್ನೋಣ. ಉಳಿಯುವುದು 70,000, ಜಕಾತ್ 1,750. ವಾಸದ ಮನೆ, ಅಂಗಡಿಯ ಕಪಾಟುಗಳು ಲೆಕ್ಕಕ್ಕಿಲ್ಲ. ಸರಕಿಗೆ ಹಿಡಿಯಬೇಕಾದದ್ದು ಕೊಂಡ ಬೆಲೆಯಲ್ಲ, ಇಂದಿನ ಮಾರುಕಟ್ಟೆ ಬೆಲೆ.

ಚಾಂದ್ರ ವರ್ಷಕ್ಕೆ ಸುಮಾರು 354 ದಿನ. ಜನವರಿಯಿಂದ ಜನವರಿಗೆ ಎಣಿಸುವವರು ವರ್ಷಕ್ಕೆ 11 ದಿನ ಹಿಂದೆ ಬೀಳುತ್ತಾರೆ, 33 ವರ್ಷಕ್ಕೆ ಒಂದು ಇಡೀ ಜಕಾತ್ ತಪ್ಪುತ್ತದೆ. ಆ ಲೆಕ್ಕವನ್ನೇ ಇಟ್ಟುಕೊಳ್ಳುವವರು 2.577% ಕೊಡಬೇಕು. ಮನಸ್ಸು ಬಂದಾಗ ಕೊಡುವುದಕ್ಕೂ, ವರ್ಷಕ್ಕೊಮ್ಮೆ ತನ್ನ ಆಸ್ತಿಯನ್ನು ತಾನೇ ಪ್ರಾಮಾಣಿಕವಾಗಿ ಎಣಿಸಿ ಕೊಡುವುದಕ್ಕೂ ವ್ಯತ್ಯಾಸವಿದೆ. ಸ್ವಭಾವವನ್ನು ತಿದ್ದುವುದು ಆ ಎಣಿಕೆಯೇ.

ಪ್ರಶ್ನೆ: ಸಿಟ್ಟಿಗೆ ಧರ್ಮ ಏನು ಹೇಳಿತು?

ಉತ್ತರ: ಹಳೆಯ ಕಾವ್ಯದಲ್ಲಿ 'ಜಹ್ಲ್' ಎಂದರೆ ಬರೀ ಅಜ್ಞಾನವಲ್ಲ, ಕಡಿವಾಣವಿಲ್ಲದ ರೋಷವೂ ಹೌದು. ಅದರ ಎದುರು ನಿಂತದ್ದು 'ಹಿಲ್ಮ್', ಶಕ್ತಿಯಿದ್ದೂ ತಾಳುವ ಗುಣ. ಸಿಟ್ಟು ಬಂದಾಗ ನಿಂತಿದ್ದರೆ ಕುಳಿತುಕೋ, ಆಗಲೂ ಅದು ಇಳಿಯದಿದ್ದರೆ ಮಲಗು ಎನ್ನುತ್ತದೆ ಹದೀಸ್.

ಪ್ರಶ್ನೆ: 'ಮರ್ಯಾದೆ ಹತ್ಯೆ'ಗೆ ಧರ್ಮದ ಬೆಂಬಲ ಇದೆಯೇ?

ಉತ್ತರ: ಇದು ಕುಲದ ರೂಢಿ. ಅರಬ್ ನಾಡುಗಳ ಕ್ರೈಸ್ತ ಕುಟುಂಬಗಳಲ್ಲೂ, ದ್ರೂಜ್ ಎಂಬ ಧಾರ್ಮಿಕ ಪಂಗಡದ ಕುಟುಂಬಗಳಲ್ಲೂ ನಡೆದಿದೆ. ವ್ಯಭಿಚಾರದ ಆರೋಪ ಹೊರಿಸುವವರು ನಾಲ್ವರು ಸಾಕ್ಷಿಗಳನ್ನು ತರಬೇಕು, ತರದಿದ್ದರೆ ಆರೋಪಿಸಿದವರಿಗೇ 80 ಛಡಿಯೇಟು ಎನ್ನುತ್ತದೆ ಕುರ್‌ಆನ್ (24:4). ಹೆಂಡತಿಯನ್ನು ಶಂಕಿಸುವ ಗಂಡನಿಗೆ ಸಾಕ್ಷಿಯಿಲ್ಲದಿದ್ದರೆ ದಾರಿ ಆಣೆ ಮಾತ್ರ. ಆತ ನಾಲ್ಕು ಸಲ ಆಣೆಯಿಟ್ಟು, ಐದನೆಯದರಲ್ಲಿ ತಾನು ಸುಳ್ಳಾಡಿದ್ದರೆ ಶಾಪ ತನಗೇ ಎನ್ನಬೇಕು. ಆಕೆಯೂ ಹಾಗೆಯೇ ಆಣೆಯಿಟ್ಟು ನಿರಾಕರಿಸಿದರೆ ಶಿಕ್ಷೆಯಿಲ್ಲ. ಅಣ್ಣನಿಗೋ ಅಪ್ಪನಿಗೋ ಇಲ್ಲಿ ಕತ್ತಿ ಹಿಡಿಯುವ ಹಕ್ಕೇ ಇಲ್ಲ. ಆದರೂ ಹಲವು ಅರಬ್ ದೇಶಗಳ ದಂಡಸಂಹಿತೆಗಳು ಇಂಥ ಕೊಲೆಗಾರರಿಗೆ ರಿಯಾಯಿತಿ ಕೊಡುತ್ತ ಬಂದವು. ಸಂಯುಕ್ತ ಅರಬ್ ಎಮಿರೇಟ್ಸ್ ಅದನ್ನು ತೆಗೆದುಹಾಕಿದ್ದು 2020ರಲ್ಲಿ.