ಪಾಸ್‌ವರ್ಡ್ ಒಪ್ಪದ ಕಂಪ್ಯೂಟರ್

ಪ್ರಶ್ನೆ: ನಾನು ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ವಿಂಡೋಸ್ 11 ಇರುವ ನಮ್ಮ ಕಂಪ್ಯೂಟರ್ ಸೋಮವಾರದಿಂದ ಪಾಸ್‌ವರ್ಡ್ ತಪ್ಪೆನ್ನುತ್ತಿದೆ. ಭತ್ತ ಖರೀದಿಯ ಲೆಕ್ಕವೆಲ್ಲ ಅದರಲ್ಲಿದೆ. ರಿಪೇರಿಯವರು ಫಾರ್ಮ್ಯಾಟ್ ಮಾಡಬೇಕೆನ್ನುತ್ತಾರೆ. ಬೇರೆ ದಾರಿಯಿದೆಯೇ?
— ಓದುಗರೊಬ್ಬರು, ಗಂಗಾವತಿ

ಉತ್ತರ: ಫಾರ್ಮ್ಯಾಟ್‌ಗೆ ದಯವಿಟ್ಟು ಈಗಲೇ ಒಪ್ಪಬೇಡಿ, ಲೆಕ್ಕವನ್ನೆಲ್ಲ ಅಳಿಸಿಬಿಡುವ ಆ ಹೆಜ್ಜೆ ಕಟ್ಟಕಡೆಯದು. ಮೊದಲು ಪಾಸ್‌ವರ್ಡ್ ಟೈಪ್ ಮಾಡಿ, ಪೆಟ್ಟಿಗೆಯ ಬಲತುದಿಯಲ್ಲಿರುವ ಕಣ್ಣಿನ ಚಿಹ್ನೆಯನ್ನು ಒತ್ತಿ ಹಿಡಿಯಿರಿ. ನೀವು ಒತ್ತಿದ ಅಕ್ಷರಗಳು ಕಾಣುತ್ತವೆ. ಕೀಬೋರ್ಡಿನ ಬಲಬದಿಯ ಅಂಕಿಗಳನ್ನು ಚಾಲೂ ಮಾಡುವ ನಮ್‌ಲಾಕ್ ಕೀ ಆರಿದ್ದರೆ ಅಲ್ಲಿ ಒತ್ತಿದ ಅಂಕಿಗಳು ಮೂಡುವುದೇ ಇಲ್ಲ. ಲೆಕ್ಕ ಬರೆಯುವವರು ಅಂಕಿಗಳನ್ನು ಅಲ್ಲಿಂದಲೇ ಒತ್ತುವುದರಿಂದ ಇದನ್ನು ತಪ್ಪದೆ ನೋಡಿ.

ಅದು ಸರಿಯಿದ್ದರೆ ಖಾತೆಯ ಬಗೆಯನ್ನು ತಿಳಿಯಬೇಕು. ಇಮೇಲ್ ವಿಳಾಸ ಕೊಟ್ಟು ತೆರೆದ ಮೈಕ್ರೋಸಾಫ್ಟ್ ಖಾತೆಯಾದರೆ, ಮೊಬೈಲ್‌ನಲ್ಲಿ ಆ ಕಂಪನಿಯ ಜಾಲತಾಣಕ್ಕೆ ಹೋಗಿ, ಅವರು ಕಳುಹಿಸುವ ಕೋಡ್ ನಮೂದಿಸಿ ಹೊಸ ಪಾಸ್‌ವರ್ಡ್ ಇಟ್ಟುಕೊಂಡು, ಕಂಪ್ಯೂಟರನ್ನು ಇಂಟರ್‌ನೆಟ್‌ಗೆ ಜೋಡಿಸಿದ ಮೇಲೆ ಅದರಿಂದ ಒಳಹೋಗಬಹುದು. ಇಮೇಲ್ ಇಲ್ಲದೆ ಆ ಕಂಪ್ಯೂಟರಿನಲ್ಲಷ್ಟೇ ತೆರೆದ ಸ್ಥಳೀಯ ಖಾತೆಯಾದರೆ, ತಪ್ಪು ಪಾಸ್‌ವರ್ಡ್ ಕೊಟ್ಟಾಗ ಕೆಳಗೆ ಮೂಡುವ ‘ರೀಸೆಟ್ ಪಾಸ್‌ವರ್ಡ್’ ಒತ್ತಿರಿ; ಖಾತೆ ತೆರೆಯುವಾಗ ಆರಿಸಿಕೊಂಡಿದ್ದ 3 ಭದ್ರತಾ ಪ್ರಶ್ನೆಗಳು ಬರುತ್ತವೆ. ಖಾತೆ ತೆರೆದವರು ಮಾಲೀಕರಾಗಿದ್ದರೆ ಉತ್ತರಗಳು ಅವರಿಗೇ ಗೊತ್ತಿರುತ್ತವೆ, ಅವರನ್ನು ಪಕ್ಕದಲ್ಲೇ ಕೂರಿಸಿಕೊಳ್ಳಿ.

ಇದೂ ಫಲಿಸದಿದ್ದರೆ ಡಿಸ್ಕನ್ನು ಬಿಚ್ಚಿಸಿ, ಬೇರೆ ಕಂಪ್ಯೂಟರಿಗೆ ಜೋಡಿಸಿ, ನಿಮ್ಮ ಕಣ್ಣೆದುರೇ ಲೆಕ್ಕದ ಕಡತಗಳನ್ನು ನಕಲು ಮಾಡಿಸಿಕೊಳ್ಳಿ. ಡಿಸ್ಕಿಗೆ ಬಿಟ್‌ಲಾಕರ್ ರಕ್ಷಣೆಯಿದ್ದರೆ, ಎಂದರೆ ಬೇರೆಯವರು ಓದದಂತೆ ವಿಂಡೋಸ್ ಬೀಗ ಹಾಕಿದ್ದರೆ, ಅದನ್ನು ತೆರೆಯಲು 48 ಅಂಕಿಗಳ ರಿಕವರಿ ಕೀ ಬೇಕಾಗುತ್ತದೆ. ಅದು ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಖಾತೆಯಲ್ಲೇ ಉಳಿದಿರುತ್ತದೆ.